ಅವ್ವನ ಹಾಡಿನಲ್ಲಿ ಉಳಿದ ಸೀನು

ಗೆಳೆಯ ಇಮಾಮಸಾಬ,

ರಾಣೆಬೆನ್ನೂರಿನ ನಿಲ್ದಾಣದ ಹಾದಿಯಲ್ಲಿದ್ದ ನಿನ್ನ ಅಂಗಡಿಗೆ ಮೊದಲ ಟೇಪ್ ರೆಕಾರ್ಡರ್ ಬಂದ ದಿನ ನೆನಪಿದೆಯೇ? ಮದುವೆಮನೆಗಳಲ್ಲಿ ಗ್ರಾಮಫೋನಿನ ಕರಿಯ ಪ್ಲೇಟು ತಿರುಗಿಸಿ, ಮುಳ್ಳು ಬದಲಿಸಿ ಹೆಸರಾದವನು ನೀನು. ಹೊಸದನ್ನು ನಾನು ಆಟಿಕೆಯೆಂದು ಜರಿದೆ. ನೀನು ಸಿಟ್ಟಾಗಲಿಲ್ಲ. "ಮಾಸ್ತರ, ಪ್ಲೇಟಿನ್ಯಾಗ ಬರೇ ದೊಡ್ಡವರು ಹಾಡ್ತಾರ. ಇದರಾಗ ನಿಮ್ಮವ್ವನೂ ಹಾಡಬಹುದು."

ಬ್ಯಾಡಗಿಯ ನಮ್ಮ ಪಡಸಾಲೆಯಲ್ಲಿ ಮೈಕು ಇಟ್ಟು ನೀನು ಕಾದ ಆ ಮಧ್ಯಾಹ್ನ ಅವ್ವ ತುಟಿ ಬಿಚ್ಚಲಿಲ್ಲ. ಬರಿಗೈಯಲ್ಲಿ ಕುಳಿತು ಆಕೆ ಎಂದಾದರೂ ಹಾಡಿದ್ದುಂಟೇ? ಕೊನೆಗೆ ನೀನೇ ಒಳಗಿನಿಂದ ಮೆಣಸಿನಕಾಯಿಯ ಬುಟ್ಟಿ ಹೊತ್ತು ತಂದೆ. ತೊಟ್ಟು ಮುರಿಯುತ್ತ ಆಕೆಯ ದನಿ ಏರಿತು. ಘಾಟು ನಿನ್ನ ಮೂಗಿಗೇರಿತು. ಹಾಡಿನ ನಡುವೆಯೇ ಎಂಥ ಸೀನು ಸೀನಿದೆ! ಅವ್ವ ಹಾಡು ನಿಲ್ಲಿಸಿ ನಕ್ಕಳು. "ನೂರು ವರ್ಷ ಬಾಳಪಾ ಇಮಾಮ! ಖಾರಾನ ಇಲ್ಲದ ನಮ್ಮ ಬಣ್ಣದ ಕಾಯಿಗೇ ಹಿಂಗ ಸೀನಿದ್ರ ಹೆಂಗೋ? ಹಾಡಾವ್ರು ಯಾರು, ನಾನೋ ನೀನೋ?"

"ಕೆಡಿಸಿಬಿಟ್ಟೆ ಮಾಸ್ತರ," ಎಂದು ನೀನು ನಾಚಿದೆ. "ಮುಂದ ಎಂಥದರೆ ಮಷೀನ್ ಬರ್ತದ, ಆಗ ಈ ಸೀನು ಕತ್ತರಿಸಿ ಕೊಡ್ತೀನಿ." ಅದರ ಮೇಲೆ ಯಾರೂ ಬೇರೆ ಹಾಡು ತುಂಬದಿರಲೆಂದು ಬೆನ್ನಿನ ಪ್ಲಾಸ್ಟಿಕ್ ತುಣುಕುಗಳನ್ನು ಮುರಿದು ಕ್ಯಾಸೆಟ್ಟನ್ನು ನನ್ನ ಕೈಗಿಟ್ಟೆ.

ಅವ್ವ ತೀರಿಕೊಂಡ ಮೇಲೆ ಆ ಕ್ಯಾಸೆಟ್ಟೇ ನನ್ನ ಕಳವಳವಾಯಿತು. ಆಕೆಯ ದನಿ ಬೇರೆಲ್ಲೂ ಇರಲಿಲ್ಲ. ಒಮ್ಮೆ ಟೇಪು ರೋಲರಿಗೆ ಸುತ್ತಿಕೊಂಡು ಹರಿದಾಗ ನೀನು ಅಂಟಿಸಿಕೊಟ್ಟೆ. ಒಂದು ಸಾಲು ಹೋಗಿಯೇಬಿಟ್ಟಿತು. ಅಂದಿನಿಂದ ನಿಲ್ಲಿಸುವ ಗುಂಡಿಯ ಮೇಲೆ ಬೆರಳಿಟ್ಟೇ ಕೇಳುತ್ತಿದ್ದೆ. ಕೇಳಿದರೆ ಸವೆದೀತು, ಕೇಳದಿದ್ದರೆ ಬೂಸಲು ಹಿಡಿದೀತು... ನಾನೇನು ಮಾಡಬೇಕಿತ್ತು, ಹೇಳು? ನಿನ್ನನ್ನೇ ಕೇಳೋಣವೆಂದರೆ ನೀನೂ, ಐವತ್ತು ತುಂಬುವ ಮೊದಲೇ...

ಈಗ ಸುದ್ದಿ ಕೇಳು. ಕಳೆದ ವಾರ ಹಾವೇರಿಗೆ ಹೋಗಿದ್ದೆ. ಕ್ಯಾಸೆಟ್ಟಿನ ಹಾಡನ್ನು ಸಿ.ಡಿ.ಗೆ ಇಳಿಸುವ ಕಂಪ್ಯೂಟರು ಅಲ್ಲಿಗೂ ಬಂದಿದೆ. ನೀನು ಹೇಳಿದ ಮಷೀನು ಬಂದೇಬಿಟ್ಟಿತು, ಇಮಾಮ! ಅದನ್ನು ನಡೆಸುವಾಕೆ ಪರದೆಯ ಮೇಲೆ ನಿನ್ನ ಸೀನನ್ನು ತೋರಿಸಿದಳು. ದನಿಯ ಗೆರೆಯ ನಡುವೆ ಗುಡ್ಡದಂತೆ ಎದ್ದು ನಿಂತಿತ್ತು.

"ಸರ, ಇಷ್ಟು ತಗದ್ರ ಹಾಡು ಸ್ವಚ್ಛ ಆಗ್ತದ. ತಗೀಲೇನ್ರಿ?"

ಮಕ್ಕಳ ಬರಹದಲ್ಲಿ ಒಂದು ಅಲ್ಪವಿರಾಮ ತಪ್ಪಿದರೂ ಸಹಿಸದ ನಾನು, "ಬ್ಯಾಡವಾ, ಇರಲಿ" ಎಂದೆ.

ಈಗ ಸಿ.ಡಿ.ಯ ಆ ಬೆಳ್ಳಿ ತಟ್ಟೆ ಹಾಕಿದಾಗಲೆಲ್ಲ ನೀನು ಸೀನುತ್ತಿ, ಅವ್ವ ನಗುತ್ತಾಳೆ, ನಿನಗೆ ನೂರು ವರ್ಷ ಹರಸುತ್ತಾಳೆ. ಇದು ಸವೆಯುವುದಿಲ್ಲವಂತೆ. ಆದರೂ ನನ್ನ ಬೆರಳು ನಿಲ್ಲಿಸುವ ಗುಂಡಿಯನ್ನು ಬಿಟ್ಟು ಬರುತ್ತಿಲ್ಲ.

ನಿನ್ನ ಮಾಸ್ತರ