ಜೀನಿನ ಪಟ್ಟಿ

ಮಗ ಧರೆಪ್ಪನಿಗೆ ಬೇಡಗದಿಂದ ಅವ್ವನ ಆಶೀರ್ವಾದ.

ನಿನ್ನ ಕುದುರೆ ಒಂದೇ ನಮ್ಮ ಬಾಗಿಲಿಗೆ ಬಂದು ನಿಂತಂತೆ, ನೀನು ಎಲ್ಲೂ ಕಾಣದಂತೆ ಕನಸು ಬಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ದಿಲ್ಲಿಯ ಪರೇಡಿನಲ್ಲಿ ನೀನು ಕುದುರೆ ಪಡೆಯ ಸಾಲಿನಲ್ಲಿ ಇರುತ್ತೀಯೆಂದು ನಿಮ್ಮಪ್ಪ ಸಕ್ಕರೆ ಕಾರ್ಖಾನೆಯವರಿಗೆಲ್ಲ ಪೇಡೆ ಹಂಚಿದರು. ಸಂಸ್ಥಾನದ ಕಾಲದಲ್ಲಿ ತಾವೂ ಸವಾರರಾಗಿದ್ದಾಗ ದಸರಾ ಮೆರವಣಿಗೆಯಲ್ಲಿ ಜೀನು ಜಾರಿ ಬಿದ್ದು ಕಾಲು ಮುರಿದುಕೊಂಡದ್ದನ್ನು ಮಾತ್ರ ಹೇಳಲಿಲ್ಲ. ಸವಾರ ಕೂರುವ ಜೀನಿನ ಪಟ್ಟಿ ಬಿಗಿಯುವಾಗ ಕುದುರೆ ಹೊಟ್ಟೆ ಉಬ್ಬಿಸಿಕೊಳ್ಳುತ್ತದಂತೆ, ನಾಲ್ಕು ಹೆಜ್ಜೆ ನಡೆದರೆ ಪಟ್ಟಿ ಸಡಿಲ. ಅವತ್ತು ಅವರು ರುಮಾಲಿನ ತುರಾಯಿ ಸರಿ ಮಾಡಿಕೊಂಡರು, ಪಟ್ಟಿ ನೋಡಲಿಲ್ಲ.

"ಅಂವಗ ಇದನ್ನೇನ ಬರೀತಿ, ಸಾಹೇಬ್ರು ಕಲಿಸಿರತಾರ" ಎಂದು ನಕ್ಕರು. ಆಮೇಲೆ ಈ ಅಂಚೆ ಕಾಗದ ಅವರೇ ತಂದುಕೊಟ್ಟರು.

ಕುದುರೆಯನ್ನು ಸ್ವಲ್ಪ ನಡೆಸಿ, ಹತ್ತುವ ಮೊದಲು ಪಟ್ಟಿ ಇನ್ನೊಮ್ಮೆ ಎಳೆದು ನೋಡಪ್ಪ.

ನಿನ್ನ ಅವ್ವ,
ರಾಯವ್ವ