ಗೋಡೆಯ ಮೇಲಿನ ಕೆಂಪು ಸುತ್ತು

೧೮-೮-೨೦೦೯, ಮಂಗಳವಾರ. ಹೆಮ್ಮಿಗೆ ಆರೋಗ್ಯ ಸಬ್‌ಸೆಂಟರ್

ನಲವತ್ತೊಂದು ಮನೆ ಮುಗಿಯಿತು. ಜ್ವರ ಇದೆಯಾ, ಕೆಮ್ಮು ಇದೆಯಾ — ಅದೇ ಹಾಡು. ಭೇಟಿ ಕೊಟ್ಟ ಮನೆಯ ಗೋಡೆಗೆ ಕೆಮ್ಮಣ್ಣಲ್ಲಿ ತಾರೀಕು. ನನ್ನ ಕ್ವಾರ್ಟರ್ಸ್ ಎದುರು ಮನೆ ಗುರುಸಿದ್ದಮ್ಮನವರ ಮಗ ಸಿದ್ದರಾಜು, ಪುಣೆಗೆ ಲಾರಿ ಓಡಿಸಿ ಬಂದವನು, ಮೈ ಕೆಂಡ. ಹಂದಿ ಜ್ವರ ಇರಬಹುದೆಂದು ಆಂಬುಲೆನ್ಸಲ್ಲಿ ಮೈಸೂರಿಗೆ ಕಳಿಸಿದೆವು. ಅವರ ಮನೆಯಲ್ಲಿ ಫೋನಿಲ್ಲ, ಅವನಿಗೆ ನನ್ನ ಮೊಬೈಲ್ ನಂಬರ್ ಬರೆದುಕೊಟ್ಟೆ. ತಾಯಿಗೆ ಹತ್ತು ದಿನ ಒಳಗೇ ಇರಿ ಎಂದೆ. ಅವರ ಗೋಡೆಯ ತಾರೀಕಿಗೆ ಒಂದು ಸುತ್ತು ಹಾಕಿದೆ. ಮಲೇರಿಯಾ ಮನೆಗೆ ಹಾಕಿ ಹಾಕಿ ಕೈಗೆ ಅಭ್ಯಾಸ.

೨೩-೮

ಗಣೇಶನ ಹಬ್ಬ. ಬೀದಿಗೆಲ್ಲ ಕಡುಬು ಹಂಚಿದರು, ಆ ಮನೆಗಿಲ್ಲ. ಹಾಲಿನ ಮಾದಪ್ಪನೂ ದಾಟಿಕೊಂಡು ಹೋದ. ಕೇಳಿದರೆ, “ಸುತ್ತಾಕಿರೋ ಮನೆ ಕಣಕ್ಕ. ನೀವೇ ಆಕಿರದಲ್ವಾ?”

ಕೆನ್ನೆಗೆ ಹೊಡೆದ ಹಾಗಾಯಿತು. ಅವರ ಕಿಟಕಿಯ ಹೊರಗೆ ನಿಂತು ಗುರುಸಿದ್ದಮ್ಮನವರನ್ನು ಕೇಳಿದೆ — ಎದ್ರಾ, ಮುಖ ತೊಳೆದ್ರಾ, ಊಟ ಮಾಡಿದ್ರಾ? ಮನಸ್ಸು ಕುಗ್ಗಿದವರನ್ನು ಕೇಳಲು ಟ್ರೈನಿಂಗಲ್ಲಿ ಕಲಿಸಿದ್ದು ಇಷ್ಟೇ. “ಯಾರ್ ಮಕ ನೋಡ್ಕಂಡು ಉಣ್ಲಿ ನರ್ಸಮ್ಮ” ಅಂದರು. ಗೋಡೆ ಕಡೆ ತಿರುಗಿ ಮಲಗಿದರು.

೨೪-೮

ಸುತ್ತು ಉಜ್ಜಿದೆ. ಸುಣ್ಣದ ಗೋಡೆ… ಕೆಂಪು ಹರಡಿ ಇನ್ನೂ ದೊಡ್ಡದಾಯಿತು. ನನ್ನ ಕೈ ಸೇದಿಹೋಗ!

೨೬-೮, ಸಂಜೆ ೫

ನನಗೂ ಜ್ವರ. ಡಾಕ್ಟರ್ ಫೋನ್ — “ಮಾತ್ರೆ ಕಳಿಸ್ತೀನಿ. ಹತ್ತು ದಿನ ಹೊರಗೆ ಬರ್ಬೇಡಿ. ಧೈರ್ಯವಾಗಿರಿ.” ಮಾತ್ರೆ ಜೊತೆ ಅದನ್ನೂ ಕಳಿಸಬಾರದೇ?

ಬಾಗಿಲು ಹಾಕುವ ಮುಂಚೆ ನನ್ನ ಗೋಡೆಗೂ ತಾರೀಕು ಬರೆದು ಸುತ್ತು ಹಾಕಿದೆ. ಅವರಿಗೆ ಹಾಕಿ ನನಗೆ ಹಾಕದಿದ್ದರೆ ಹೇಗೆ?

೩೦-೮

ಜ್ವರ ಇಳಿದಿದೆ. ಅಳು ನಿಲ್ಲುತ್ತಿಲ್ಲ. ನಾಲ್ಕು ಗೋಡೆ, ಒಂದು ಫ್ಯಾನು, ಅದಕ್ಕೂ ಕರೆಂಟಿಲ್ಲ. ತಲೆ ಬಾಚಿ ನಾಲ್ಕು ದಿನ. ಯಾರಾದರೂ ಬಾಗಿಲು ಬಡಿಯಬಾರದೇ ಅನ್ನಿಸುತ್ತೆ. ಬಡಿದರೆ ಭಯ.

ಬೆಳಗ್ಗೆ ಕೂಗು ಕೇಳಿ ನೋಡಿದರೆ ಗುರುಸಿದ್ದಮ್ಮ! ಅವರ ಹತ್ತು ದಿನ ಮುಗಿದಿದೆ. ನನ್ನ ಬಾಗಿಲಿಗೆ ನೀರು ಹಾಕಿ, ರಂಗೋಲಿ ಎಳೆದು, ದೂರ ನಿಂತು — “ಎದ್ಯಾ ನರ್ಸಮ್ಮ? ಮಕ ತೊಳ್ಕಂಡ್ಯಾ? ಉಂಡ್ಯಾ?”

ಎದ್ದು ಒಲೆ ಹಚ್ಚಿದೆ.

೩-೯, ಬೆಳಗ್ಗೆ ೧೧

ದಿನಾ ಆ ಮೂರು ಪ್ರಶ್ನೆ. ಅವು ಬರುತ್ತವೆಂದೇ ಏಳುತ್ತೇನೆ.

ಈಗ ಸಿದ್ದರಾಜು ಫೋನ್ ಮಾಡಿದ್ದ. ಗುಣವಾಗಿದೆ, ಡಿಸ್ಚಾರ್ಜ್. ಆದರೆ — “ಊರ್ಗೆ ಬರಕಿಲ್ಲ ಸಿಸ್ಟ್ರೇ. ಸುತ್ತಾಕಿರೋ ಮನೆಯವ್ನು ಅಂತ ಲಾರಿ ಸ್ಟ್ಯಾಂಡಲ್ಲೂ ಆಡ್ಕೊತಾವ್ರೆ. ಇಂಗೇ ಲೋಡ್ ತಕಂಡು ಒಂಟೋಯ್ತೀನಿ. ಅವ್ವನ್ಗೆ ನೀವೇ ಯೋಳ್ಬುಡಿ.” ಕಟ್.

ಅಷ್ಟರಲ್ಲಿ ಕಿಟಕಿಯಾಚೆ ಗುರುಸಿದ್ದಮ್ಮ. “ನನ್ ಮಗನಾ? ಏನಂದ?”

“ಊಟ ಮಾಡಿದ್ರಾ ಅಂತ ಕೇಳಿದ” ಅಂದೆ. ಅವನು ಕೇಳಿರಲಿಲ್ಲ.

ಮುಖ ಅರಳಿತು. “ಉಂಡವ್ಳೆ ಅಂತ ಯೋಳವ್ವ. ಈಗ್ಲೇ ಮಾಡು. ನಾನೂ ಕೂಗಿ ಒಂದ್ ಮಾತಾಡ್ತೀನಿ.”

ನಂಬರ್ ಹುಡುಕುವ ನೆಪದಲ್ಲಿ ಈ ಪುಸ್ತಕ ತೆಗೆದು ಕೂತಿದ್ದೇನೆ. ಅವರು ಇನ್ನೂ ಅಲ್ಲೇ ನಿಂತಿದ್ದಾರೆ. ಬಟನ್ ಒತ್ತಿದರೆ…