ಕದ್ದು ಸಡಿಲ ಮಾಡಿದ ಹೊಲಿಗೆ

ರೀ,

ಆಪರೇಷನ್‌ಗೆ ತಂಗಿ ಜೊತೆ ಹೊರಟೆ. ನೀವು ಅಂಗಡಿ ಬಾಗಿಲು ಹಾಕಿ, ಊಟ ಮಾಡಿಯೇ ಆಸ್ಪತ್ರೆಗೆ ಬನ್ನಿ.

ನಾನು ತಿಂದು ದಪ್ಪ ಆಗಿದ್ದಲ್ಲ ನೋಡಿ. ಕಿಡ್ನಿ ಮೇಲಿನ ಗ್ರಂಥಿಯಲ್ಲಿ ಗಡ್ಡೆ ಬೆಳೆದು ಹಾರ್ಮೋನ್ ಏರಿದೆಯಂತೆ. "ಇಷ್ಟು ತಡ ಯಾಕೆ? ಬಟ್ಟೆ ಬಿಗಿ ಆಗಿದ್ದೂ ಗೊತ್ತಾಗಲಿಲ್ವೇನಮ್ಮಾ?" ಅಂತ ಡಾಕ್ಟರು ಗದರಿದರು. ನನ್ನದೊಂದೂ ಬಿಗಿ ಆಗಿರಲೇ ಇಲ್ಲ.

ಈಗ ಬ್ಯಾಗಿಗೆ ಬಟ್ಟೆ ತುಂಬುವಾಗ ಕಂಡಿತು, ಒಂದೊಂದರ ಒಳಗೂ ನಿಮ್ಮ ಕೈಯ ಹೊಸ ಹೊಲಿಗೆ. ಊರಿಗೆಲ್ಲ ಟೈಲರು, ಹೆಂಡತಿಗೆ ಕಳ್ಳ! ನಾನು ನೊಂದುಕೊಳ್ತೀನಿ ಅಂತ ಕದ್ದು ಸಡಿಲ ಮಾಡಿದ್ದೀರಿ. ಬೈಯೋಕೆ ಬಾಯಿ ಬರ್ತಿಲ್ಲ.

ನನ್ನ ನೀಲಿ ರವಿಕೆ ಹೊಲಿಗೆ ಮೆಷಿನ್ ಮೇಲಿದೆ. ವಾಸಿಯಾದರೆ ಮೈ ಇಳಿಯುತ್ತಂತೆ. ಮದುವೆಯಾದ ಹೊಸತರಲ್ಲಿದ್ದ ಅಳತೆಗೆ ಹೊಲಿದಿಡಿ. ನಾನು ಬಂದೇ ಬರ್ತೀನಿ ಅಂದುಕೊಂಡು ಹೊಲೀರಿ.